ಮೂರನೇ ಹುಣ್ಣಿಮೆಗೆ ಮೊದಲು

"ಎದ್ದೇಳು ವಿನ್ ಮಾ. ಗಾಡಿ ಬಂದು ನಿಂತಿದೆ."

ವಿನ್ ಮಾ ಕಣ್ಣು ಬಿಟ್ಟಳು. ಮಂಚದ ಪಕ್ಕದಲ್ಲಿ ಗಂಡ ಥೀಹ ನಿಂತಿದ್ದ. ಎರಡೂ ಕೈಯಲ್ಲಿ ಚೀಲಗಳು. ಮುಖದಲ್ಲಿ ಒಂದು ತೊಟ್ಟು ರಕ್ತವಿಲ್ಲ. ಕಾಯಿಲೆ ಬಿದ್ದವಳು ಅವಳೋ ಅವನೋ ಎಂದು ಅನುಮಾನ ಬರಬೇಕು, ಹಾಗಿದ್ದ.

"ಎಲ್ಲಿಗೆ, ಕೊ?" ಗಂಡನನ್ನು ಅವಳು ಕರೆಯುತ್ತಿದ್ದದ್ದು ಹಾಗೆಯೇ, ತಮ್ಮ ಮಾಂಡಲೇ ಊರಿನ ಹೆಂಗಸರೆಲ್ಲ ಕರೆಯುವಂತೆ.

"ಉತ್ತರದ ಕಡೆ. ಏಳೆಂಟು ತಾಸಿನ ರೈಲು, ಅಷ್ಟೇ. ನೀನು ಮಲಗಿಕೊಂಡೇ ಬರಬಹುದು."

ಅಷ್ಟೇ ಅಂತೆ! ಡೆಂಗಿ ಜ್ವರ ಬಿಟ್ಟಿದ್ದು ಅವತ್ತು ಬೆಳಿಗ್ಗೆ. ಡಾಕ್ಟರು ಬಾಯಿಬಿಟ್ಟು ಹೇಳಿದ್ದರು, ಜ್ವರ ಇಳಿದ ಮೇಲಿನ ಎರಡು ದಿನವೇ ಭಯ, ಒಸಡಿನಲ್ಲಿ ರಕ್ತ ಕಂಡರೆ, ಹೊಟ್ಟೆ ನೋವು ಬಂದರೆ ಓಡಿ ಬನ್ನಿ, ಆಸ್ಪತ್ರೆಯಿಂದ ದೂರ ಹೋಗಬೇಡಿ ಎಂದು. ಅದನ್ನು ಕೇಳಿ ತಲೆಯಾಡಿಸಿದ್ದವನೂ ಇವನೇ.

ಹೊರಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಲಿಯೆನ್ ಅಜ್ಜಿ ಹುಣ್ಣಿಮೆಯ ಎಡೆ ಸಿದ್ಧ ಮಾಡುತ್ತಿದ್ದರು. ಗಂಡಹೆಂಡಿರು ಈಗ ತಂಗಿದ್ದ ಹುಯೆ ಊರಿನ ಓಣಿ ಓಣಿಯಲ್ಲೂ ಸಂಜೆಗೆ ಅದೇ ಕೆಲಸ. ಬಾಳೆಹಣ್ಣು, ಹೂವು, ದಿಕ್ಕಿಲ್ಲದ ಸತ್ತವರಿಗಾಗಿ ಗಂಜಿ, ಉಪ್ಪು. ಅವರಿಗೆಂದೇ ಬಾಗಿಲಲ್ಲಿ ಕಾಗದ ಸುಟ್ಟ ಹೊಗೆ ಕೋಣೆಯೊಳಕ್ಕೂ ನುಗ್ಗಿತು. ಥೀಹ ಆ ಹೊಗೆಯನ್ನು ನೋಡಿ ಬೆವೆತುಬಿಟ್ಟ.

'ಮತ್ತೆ ಶುರುವಾಯಿತು...' ವಿನ್ ಮಾ ಅಂದುಕೊಂಡಳು.

ಮೂರು ವರ್ಷದಿಂದ ಇದೇ ಕಥೆ. ಚಿಯಾಂಗ್ ಮಾಯ್, ಲುವಾಂಗ್ ಪ್ರಬಾಂಗ್, ಕಂಪೋಟ್... ಒಂದೊಂದು ಊರಿನಲ್ಲೂ ಎರಡು ತಿಂಗಳು ಚಿಲ್ಲರೆ. ತರಕಾರಿ ಮಾರುವವಳು ಹೆಸರು ಹಿಡಿದು ಕರೆಯತೊಡಗುವ ಹೊತ್ತಿಗೆ ಇವನು ಚೀಲ ಕಟ್ಟುತ್ತಿದ್ದ. ಸೇತುವೆಗಳ ನಕ್ಷೆ ತಿದ್ದುವ ಕೆಲಸ, ಎಲ್ಲಿ ಕೂತರೂ ನಡೆಯುತ್ತಿತ್ತು. "ನಿಧಾನವಾಗಿ ಲೋಕ ನೋಡೋಣ" ಎಂದಿದ್ದ. ಮೊದಲ ವರ್ಷ ಅವಳಿಗೂ ಅದು ಸ್ವರ್ಗವೇ. ಆಮೇಲೆ ಒಂದು ದಿನ ಅವನು ಫೋನಿನಲ್ಲಿ ತನ್ನ ಅಮ್ಮನಿಗೆ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. "ಅವಳಿಗೆ ಗೊತ್ತಾಗಬಾರದು."

ಏನು ಗೊತ್ತಾಗಬಾರದು? ಇನ್ನೊಬ್ಬಳೇ? ನಾನು ಸಾಕಾದೆನೇ? ಕೇಳಲು ಧೈರ್ಯವಿರಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ...

ಥೀಹ ಚೀಲಗಳನ್ನು ಕೆಳಗಿಟ್ಟು, ಅವಳ ಬೆನ್ನ ಕೆಳಗೆ ಕೈ ಹಾಕಿ ಎತ್ತಿದ. ಬಾಗಿಲಿಗೆ ಬಂದರೆ ಲಿಯೆನ್ ಅಜ್ಜಿ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಪ್ರವಾಸಿಗರಿಂದ ಕಲಿತ ಅರೆಬರೆ ಇಂಗ್ಲಿಷು ಅವರದು. ಬೈಯುವುದಕ್ಕೆ ಅದು ಧಾರಾಳವಾಗಿ ಸಾಕಾಗುತ್ತಿತ್ತು.

"ಎಲ್ಲಿಗೆ ಹೊರಟೆ ಇವಳನ್ನ ಹೊತ್ಕೊಂಡು?"

"ದಾರಿ ಬಿಡಿ ಅಜ್ಜಿ. ರೈಲಿಗೆ ಹೊತ್ತಾಯ್ತು."

"ಡಾಕ್ಟರು ಹೇಳಿದ್ದು ಕೇಳಿಸ್ಲಿಲ್ವಾ? ಕಿವಿ ಎಲ್ಲಿ ಮಾರ್ಕೊಂಡೆ? ರೈಲಲ್ಲಿ ಇವಳಿಗೆ ಹೆಚ್ಚುಕಮ್ಮಿ ಆದ್ರೆ ಕಿಟಕಿಯಿಂದ ಆಚೆ ಹಾಕ್ತೀಯೇನು?"

"ಅಜ್ಜಿ, ದಯವಿಟ್ಟು..."

"ನನ್ನ ದಾಟ್ಕೊಂಡು ಹೋಗು, ನೋಡೋಣ."

ಅವನ ಕೈ ವಿನ್ ಮಾಳನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಿತು. ಇದು ಬೇಸರ ಬಂದವನ ಕೈಯಲ್ಲ.

"ಇಳಿಸಿ ನನ್ನ," ಅಂದಳು.

"ವಿನ್ ಮಾ, ಹಟ ಮಾಡಬೇಡ."

"ಇಳಿಸಿ, ಕೊ. ನನ್ನ ಬಿಟ್ಟು ಹೋಗ್ಬೇಕು ಅಂತಿದ್ರೆ ಇಲ್ಲೇ ಬಿಟ್ಟು ಹೋಗಿ. ಊರೂರು ಅಲೆಸಿ ಸಾಯಿಸ್ಬೇಡಿ."

ಅವನು ಅವಳನ್ನು ಮಂಚದ ಮೇಲೆ ಕೂರಿಸಿದ. ಆಮೇಲೆ ನೆಲದ ಮೇಲೆ ಕುಸಿದು, ಅವಳ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿದ. ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ.

"ಬಿಟ್ಟು ಹೋಗೋದಾ? ನಿನ್ನ ಉಳಿಸ್ಕೊಳ್ಳೋಕೆ ಅಲೀತಿರೋದು ಕಣೇ..."

ಹೊರಬಿತ್ತು ಕೊನೆಗೂ. ಮದುವೆಗೆ ಮುಂಚೆ ಅವನ ಅಮ್ಮ ಪಗೋಡದ ಮೆಟ್ಟಿಲ ಬಳಿಯ ಜ್ಯೋತಿಷಿಯನ್ನು ಕೇಳಿದ್ದರಂತೆ. ಅವರ ಕಡೆ ಜಾತಕವೆಂದರೆ ಹುಟ್ಟಿದ ವಾರ, ಬುಧವಾರಕ್ಕೆ ಮಾತ್ರ ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಪಾಲು. ಹುಡುಗ ಶನಿವಾರ ಹುಟ್ಟಿದವನು, ಹುಡುಗಿ ಬುಧವಾರ ಬೆಳಗಿನವಳು. ಇವನ ಜೊತೆ ಒಂದೇ ಊರಿನಲ್ಲಿ ಮೂರನೇ ಹುಣ್ಣಿಮೆ ಕಂಡರೆ ಅವಳು ಉಳಿಯುವುದಿಲ್ಲ ಎಂದನಂತೆ ಆ ಜ್ಯೋತಿಷಿ. ಥೀಹ ನಕ್ಕುಬಿಟ್ಟಿದ್ದ. ಲೆಕ್ಕ ಓದಿದವನು, ನಗದೆ ಇನ್ನೇನು? ಮದುವೆಯಾಗಿ ಮೂರನೇ ಹುಣ್ಣಿಮೆಯ ದಿನ ವಿನ್ ಮಾ ಬಚ್ಚಲಲ್ಲಿ ಜಾರಿ ಬಿದ್ದಳು. ತಲೆ ಒಡೆದು, ವಾರವಿಡೀ ಪ್ರಜ್ಞೆ ಇರಲಿಲ್ಲ. ಅವತ್ತಿಗೆ ಅವನ ನಗು ನಿಂತಿತು.

"ಈ ಊರಲ್ಲಿ ಇವತ್ತು ಮೂರನೆಯದು," ಅಂದ. "ಅದೂ ಜ್ವರ ಬಿಟ್ಟ ದಿನವೇ. ಈಗ ಹೇಳು, ಹೇಗೆ ಸುಮ್ನೆ ಕೂರಲಿ?"

ವಿನ್ ಮಾ ಮುಚ್ಚಿಟ್ಟುಕೊಂಡಿದ್ದ ಮಾತೂ ಒಂದಿತ್ತು. ಹೇಳಿದರೆ ಇವನು ಉಳಿಯುತ್ತಾನೋ ಇಲ್ಲವೋ...

"ಕೊ, ನಾನು ಬುಧವಾರ ಬೆಳಿಗ್ಗೆ ಹುಟ್ಟಿದವಳಲ್ಲ."

ಅವನು ತಲೆಯೆತ್ತಿದ.

"ಹುಟ್ಟಿದ್ದು ಮಧ್ಯಾಹ್ನ ತಿರುಗಿದ ಮೇಲೆ. ರಾಹುವಿನ ಪಾಲಿಗೆ ಸೇರಿದವಳು. ರಾಹು ಹುಡುಗೀನ ಯಾರು ಮನೆ ತುಂಬಿಸ್ಕೋತಾರೆ ಅಂತ ಅಮ್ಮ ಎಲ್ಲರ ಹತ್ರ ಬೆಳಿಗ್ಗೆ ಅಂತಾನೇ ಹೇಳ್ತಿದ್ಲು. ಹೆಸರೂ ಬೆಳಗಿನವರ ಅಕ್ಷರದಲ್ಲೇ ಇಟ್ಲು. ನಾನೂ ಬಾಯಿ ಮುಚ್ಕೊಂಡೆ. ನೀವು ಬೇಡ ಅಂದುಬಿಟ್ರೆ ಅನ್ನೋ ಭಯ..."

ಓಣಿಯಲ್ಲಿ ಯಾರೋ ಜಾಗಟೆ ಬಡಿದರು. ಥೀಹನ ತಲೆಯೊಳಗೆ ಮೂರು ವರ್ಷದ ರೈಲು, ಬಸ್ಸು, ದೋಣಿಗಳೆಲ್ಲ ಒಂದಾದ ಮೇಲೊಂದು ಹಾದುಹೋದವು.

"ಹಾಗಾದ್ರೆ ನಾವು ಇಷ್ಟು ದಿನ ಓಡಿದ್ದು ಯಾರ ಸಾವಿಗೆ ಹೆದರಿ?"

"ಯಾರೋ ಬುಧವಾರ ಬೆಳಗಿನವಳ ಸಾವಿಗೆ," ಅಂದಳು ವಿನ್ ಮಾ. "ಪಾಪ, ಅವಳು ಎಲ್ಲೋ ಒಂದೇ ಊರಲ್ಲಿ ಗಂಡನ ಜೊತೆ ಸುಖವಾಗಿದ್ದಾಳೋ ಏನೋ."

ಅವನಿಗೆ ನಗು ಬಂತು, ಅಳುವೂ ಬಂತು. "ಮತ್ತೆ ಬಚ್ಚಲು?"

"ಒದ್ದೆ ನೆಲ, ಕೊ. ನಿಮ್ಮ ಅಮ್ಮ ಸೋಪಿನ ನೀರು ಚೆಲ್ಲಿ ಹಾಗೇ ಬಿಟ್ಟಿದ್ರು. ನಾನು ಹೊಸ ಸೊಸೆ, ಅದಕ್ಕೇ ಹೇಳ್ಲಿಲ್ಲ."

ಮರುಕ್ಷಣವೇ ಅವನ ಮುಖ ಮತ್ತೆ ಕಪ್ಪಿಟ್ಟಿತು. ಫೋನು ಕೈಗೆತ್ತಿಕೊಂಡ. "ಹಾಗಾದ್ರೆ ರಾಹುವಿನವಳಿಗೆ ಏನಿದೆಯೋ... ಅಮ್ಮನ ಕೈಲಿ ಇನ್ನೊಂದು ಸಲ ಕೇಳಿಸ್ತೀನಿ."

ವಿನ್ ಮಾ ಫೋನಿನ ಮೇಲೆ ಕೈಯಿಟ್ಟಳು. ಬಿಸಿಯಿಲ್ಲದ ಆ ಕೈ ಅವನಿಗೆ ಜ್ವರಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಕೇಳಿದ್ರೆ ಏನಾದ್ರೂ ಒಂದು ಹೇಳೇ ಹೇಳ್ತಾರೆ. ಆಮೇಲೆ ಅದಕ್ಕೂ ಓಡ್ಬೇಕು."

"ತಿಳ್ಕೊಳ್ದೆ ಹೇಗಿರೋದು?"

"ಎಲ್ಲರೂ ಇರೋ ಹಾಗೆ. ಹೆದರ್ಕೊಂಡು, ಜೊತೆಯಲ್ಲಿ." ಅವಳು ದಿಂಬಿಗೆ ಒರಗಿದಳು. "ನನ್ನ ಆಯಸ್ಸು ಇವತ್ತಿಗೇ ಮುಗಿಯೋದಿದ್ರೂ ರೈಲಲ್ಲಿ ಬೇಡ. ಒಂದು ಊರು ಅಂತ ಇರ್ಲಿ ನಮಗೆ."

ಥೀಹ ಫೋನನ್ನು ಕೆಳಗಿಟ್ಟು ಬಾಗಿಲಿಗೆ ಹೋದ.

"ಗಾಡಿ ಕಳಿಸಿಬಿಡಿ ಅಜ್ಜಿ."

"ಆಗಲೇ ಕಳಿಸಿಯಾಯ್ತು," ಅಂದರು ಲಿಯೆನ್ ಅಜ್ಜಿ. ಹೊಸ್ತಿಲಿಂದ ಮಾತ್ರ ಏಳಲಿಲ್ಲ, ಇವನ ಮೇಲೆ ಅವರಿಗಿನ್ನೂ ನಂಬಿಕೆ ಬಂದಿರಲಿಲ್ಲ.

ಅವನು ಮಂಚಕ್ಕೆ ಮರಳಿದ. ದೀಪ ಹಚ್ಚಿ ಅವಳ ಒಸಡು ನೋಡಿದ, ಹೊಟ್ಟೆ ಮುಟ್ಟಿ ನೋವಿದೆಯಾ ಎಂದು ಕೇಳಿದ, ಎಳನೀರು ಗುಟುಕು ಗುಟುಕಾಗಿ ಕುಡಿಸಿದ. ಗಂಡಾಂತರವೇನೂ ಕಳೆದಿರಲಿಲ್ಲ. ನಾಳೆಯ ರಕ್ತ ಪರೀಕ್ಷೆಯಲ್ಲಿ ಏನು ಬರುತ್ತದೋ ಇಬ್ಬರಿಗೂ ಗೊತ್ತಿರಲಿಲ್ಲ.

ಎದುರು ಮನೆಯ ಹಂಚಿನ ಮೇಲೆ ಚಂದ್ರ ಬಂದ. ಕೆಂಪಗೆ, ದೊಡ್ಡದಾಗಿ. ಥೀಹ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನನಗೆ ತುಂಬಾ ಭಯ ಆಗ್ತಿದೆ, ವಿನ್ ಮಾ."

"ನನಗೂ." ಅವಳು ಕಣ್ಣು ಕಿರಿದು ಮಾಡಿದಳು. "ಕೊ, ಈ ಕಿಟಕಿಗೆ ಒಂದು ಪರದೆ ಬೇಕು. ಬೆಳಕು ನೇರ ಕಣ್ಣಿಗೇ ಹೊಡೀತಿದೆ."

ಮೂರು ವರ್ಷದಲ್ಲಿ ಯಾವ ಮನೆಗೂ ಅವರು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಥೀಹ ಎದ್ದು ಕಿಟಕಿಯ ಅಗಲವನ್ನು ಗೇಣು ಹಾಕಿ ಅಳೆದ.

"ಯಾವ ಬಣ್ಣದ್ದು ತರಲಿ?"

"ಬೇಗ ಮಾಸದೇ ಇರೋವಂಥದ್ದು," ಅಂದಳು ಅವಳು.