ಶಾಫ್ಟಿನ ಮೇಲಿನ ಹಳದಿ ಚುಕ್ಕೆ

"ಬ್ಯಾಲೆನ್ಸ್ ಮಾಡೋಕೆ ಬರಲ್ಲ ಅಂದ್ರೆ ಬರಲ್ಲ ಅಂತ ಹೇಳ್ಬೇಕಿತ್ತು ರೀ! ನನ್ನ ಮಾನ ಯಾಕೆ ತೆಗೀತೀರಿ?"

ಗ್ಯಾರೇಜಿನ ಪಕ್ಕದ ಲೇತ್ ಶೆಡ್ಡಿನ ಬಾಗಿಲಲ್ಲೇ ನಿಂತು ಅವಳು ಕೂಗಿದಳು. ಒಳಗೆ ಕಬ್ಬಿಣ ಕಡೆಯುತ್ತ ತಿರುಗುತ್ತಿದ್ದ ಲೇತ್ ನಿಂತಿತು. ಲೇತಿನವನು ಕನ್ನಡಕ ತೆಗೆದು ಅವಳ ಮುಖ ನೋಡಿ, ಮತ್ತೆ ಹಾಕಿಕೊಂಡ. ಅಷ್ಟೇ. ಅವನು ಬಾಯಿ ಬಿಡುವುದೇ ಅಪರೂಪ. ಗ್ಯಾರೇಜಿನವರೆಲ್ಲ ಮೌನಿ ಎಂದೇ ಕರೆಯುತ್ತಿದ್ದರು.

ಅವಳ ಸಿಟ್ಟಿಗೆ ಕಾರಣ ಹೊರಗೆ ನಿಂತಿತ್ತು. ಡಾಕ್ಟರಮ್ಮ ಒಬ್ಬರ, ಮೂವತ್ತು ವರ್ಷ ಹಳೆಯ, ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ತಿಂಗಳ ಹಿಂದೆ ಬಂದಾಗ ಕ್ಲಚ್ ಬಿಟ್ಟ ಕೂಡಲೇ ಅದರ ಹೊಟ್ಟೆಯಡಿ 'ಟಣ್' ಎನ್ನುತ್ತಿತ್ತು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಉದ್ದನೆಯ ಶಾಫ್ಟನ್ನು ಅವಳೇ ಬಿಚ್ಚಿದಳು. ಎರಡೂ ತುದಿಯ ಕೀಲುಗಳು ಸವೆದಿದ್ದವು. ಕೀಲು ಬದಲಿಸಿ, ತಿರುಗುವಾಗ ಓಲಾಡದಂತೆ ಬ್ಯಾಲೆನ್ಸ್ ಮಾಡಲು ಮೌನಿಗೆ ಕೊಟ್ಟು, ಬಂದ ಮೇಲೆ ಅವಳೇ ಜೋಡಿಸಿದಳು. ಟಣ್ ಹೋಯಿತು. ಅದರ ಬದಲು ವೇಗ ಅರವತ್ತು ದಾಟಿದರೆ ಸೀಟಿನಡಿ ನಡುಕ ಬಂತು. ಎರಡು ಸಲ ಕಾರು ವಾಪಸಾಯಿತು.

ಗ್ಯಾರೇಜು ಅವಳ ಸೋದರಮಾವನದು. ಬೆಳಿಗ್ಗೆ ಮಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಸಾಯಂಕಾಲ ಐದಕ್ಕೆ ಡಾಕ್ಟರಮ್ಮ ಕಾರು ತಗೊಳ್ಳೋಕೆ ಬರ್ತಾರೆ. ಆಗಲೂ ನಡುಗಿದ್ರೆ, ಸಿಡುಕಮ್ಮಾ, ನಾಳೆಯಿಂದ ನೀನು ಮುಂದಿನ ಟೇಬಲ್ಲಿಗೆ. ಫೋನ್ ಎತ್ತಿದ್ರೆ ಸಾಕು, ಸ್ಪ್ಯಾನರ್ ಮುಟ್ಟಬೇಡ."

ಆರು ವರ್ಷ ಕಾರುಗಳ ಕೆಳಗೆ ಮಲಗಿ ಕಲಿತ ಕೆಲಸ. ಪ್ರತಿ ಬೋಲ್ಟನ್ನೂ ಮೂರು ಮೂರು ಸಲ ನೋಡಿದ್ದಳು. ಆದರೂ ಒಳಗೊಂದು ಹುಳ ಕೊರೆಯುತ್ತಲೇ ಇತ್ತು: ತಪ್ಪು ನನ್ನದೇ ಆಗಿದ್ದರೆ? ಆ ಹುಳದ ಬಾಯಿ ಮುಚ್ಚಿಸಲೆಂದೇ ಅವಳು ಇಷ್ಟು ಜೋರಾಗಿ ಕೂಗಿದ್ದು.

"ಓಡಿಸಿ ನೋಡೋಣ, ನಡೀರಿ," ಎಂದ ಮೌನಿ.

ಅವಳು ಓಡಿಸಿದಳು. ಅವನು ಪಕ್ಕದಲ್ಲಿ ಕೂತು, ಸೀಟುಗಳ ನಡುವೆ ಶಾಫ್ಟನ್ನು ಮುಚ್ಚಿದ ಉಬ್ಬಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಉದ್ದ ಬೆರಳುಗಳು, ತಿಕ್ಕಿ ತೊಳೆದ ಉಗುರುಗಳು. ಅದೆಲ್ಲ ತನ್ನ ಕಣ್ಣಿಗೆ ಬಿದ್ದದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅರವತ್ತಕ್ಕೆ ನಡುಕ ಶುರುವಾಯಿತು.

"ಕ್ಲಚ್ ಒತ್ತಿ."

ಒತ್ತಿದಳು. ಎಂಜಿನ್ನಿನ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ.

"ಎಂಜಿನ್ ಅಲ್ಲ."

"ಅದು ನಂಗೂ ಗೊತ್ತು!"

"ಚಕ್ರ?"

"ಹೋದ ವಾರವೇ ಬದಲಿಸಿ ನೋಡಿದೀನಿ. ನನ್ನನ್ನ ಏನಂದ್ಕೊಂಡಿದೀರಿ ನೀವು?"

"ನಿಮ್ಮನ್ನಾ..." ಎಂದು ಶುರು ಮಾಡಿ ಅವನು ಬಾಯಿ ಮುಚ್ಚಿದ. ಕಿವಿ ಮಾತ್ರ ಕಾರಿನ ಬಣ್ಣಕ್ಕೆ ತಿರುಗಿತು.

ಗ್ಯಾರೇಜಿಗೆ ಮರಳಿ ಕಾರನ್ನು ಲಿಫ್ಟಿಗೆ ಏರಿಸಿದರು. ಅವಳು ಟಾರ್ಚಿನ ಬೆಳಕು ಬಿಟ್ಟಳು. ಮೂವತ್ತು ವರ್ಷದ ಕೊಳೆಯ ನಡುವೆ ಶಾಫ್ಟೊಂದೇ ಕನ್ನಡಿಯ ಹಾಗೆ ಹೊಳೆಯಿತು. ಅದು ಹಲ್ಲಿಗೆ ಹಲ್ಲು ಹೊಂದಿ ಒಂದರೊಳಗೊಂದು ಜಾರಿ ಕೂರುವ ಎರಡು ತುಂಡು. ಬಿಚ್ಚಿದ್ದು ಮೊದಲಿನ ಹಾಗೇ ಸೇರಲಿ ಎಂದು ಎರಡರ ಮೇಲೂ ಅವಳು ಹಳದಿ ಬಣ್ಣದ ಗುರುತು ಇಟ್ಟಿದ್ದಳು.

"ನೋಡಿ! ಚುಕ್ಕೆಗೆ ಚುಕ್ಕೆ ಸರಿಯಾಗಿದೆ. ಜೋಡಿಸಿದ್ದು ಸರೀ..."

ಅವಳು ಟಾರ್ಚು ಹತ್ತಿರ ಹಿಡಿದಳು. ಚುಕ್ಕೆಗಳು ದುಂಡಗಿದ್ದವು. ಅವಳು ಅವಸರದಲ್ಲಿ ಬೆಂಕಿಕಡ್ಡಿ ಅದ್ದಿ ಗೀಚುವವಳು. ಅವಳ ಚುಕ್ಕೆ ಹುಟ್ಟಿದಾರಭ್ಯ ದುಂಡಗೆ ಬಂದದ್ದಿಲ್ಲ.

"ಇದು ನನ್ನದಲ್ಲ."

ಮೌನಿ ನೆಲ ನೋಡಿದ. "ತುಕ್ಕು ತೆಗೆಯೋವಾಗ ಅಳಿಸಿಹೋಯ್ತು. ನೆನಪಿನ ಮೇಲೆ ಹೊಸದು ಇಟ್ಟೆ. ಒಂದು ಹಲ್ಲು ಆಚೆ ಕೂತಿದೆ, ಅನ್ಸುತ್ತೆ. ಎರಡು ಕೀಲೂ ಒಂದೇ ನೇರಕ್ಕಿಲ್ಲ. ಅದಕ್ಕೇ ನಡುಕ."

"ತುಕ್ಕು ತೆಗೀರಿ ಅಂತ ಯಾರ್ರೀ ಹೇಳಿದ್ರು ನಿಮಗೆ?"

"ಯಾರೂ ಇಲ್ಲ. ನಿಮ್ಮ ಕೈಗೆ ಕೊಡೋದಲ್ವಾ. ಹೊಳೀಲಿ ಅಂತ."

"ಯಾವಾಗ ಗೊತ್ತಾಯ್ತು?"

"ಎರಡನೇ ಸಲ ವಾಪಸ್ ಬಂದಾಗ ಅನುಮಾನ ಬಂತು. ಹೇಳಿದ್ರೆ ನೀವು ಶೆಡ್ಡಿಗೆ ಬರೋದೇ ಬಿಡ್ತೀರಿ ಅಂತ..."

ಅವಳು ಟಾರ್ಚನ್ನು ಅವನ ಮುಖಕ್ಕೆ ತಿರುಗಿಸಿದಳು. "ವಾರಗಳಿಂದ ನಾನು ನನ್ನ ಕೈಯನ್ನೇ ನಂಬದೆ ಸಾಯ್ತಿದೀನಿ! ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

ನೀವು ಹೋಗಿ ನೀನು ಬಂದಿತ್ತು. ಇಬ್ಬರಿಗೂ ಕೇಳಿಸಿತು, ಇಬ್ಬರೂ ಕೇಳಿಸದವರಂತೆ ಸ್ಪ್ಯಾನರ್ ಹಿಡಿದರು.

ಸದ್ದಿಗೆ ಮಾವ ಬಂದ. ಮೌನಿ ಮುಂದೆ ಬಂದ. "ತಪ್ಪು ನಂದು ಯಜಮಾನ್ರೇ. ಇವರದ್ದೇನೂ ಇಲ್ಲ."

"ಅರ್ಧ ನಂದು," ಎಂದಳು ಅವಳು, ಹಲ್ಲು ಕಚ್ಚಿ. "ಬಣ್ಣದ ಗುರುತು ನಂಬಬಾರದಿತ್ತು. ಪಂಚ್ ಇಟ್ಟು ಲೋಹದಲ್ಲೇ ಗುಳಿ ಹೊಡೀಬೇಕಿತ್ತು."

ಮಾವ ಇಬ್ಬರ ಮುಖವನ್ನೂ ನೋಡಿದ. "ಅರ್ಧರ್ಧ ಆಮೇಲೆ ಹಂಚ್ಕೊಳ್ಳಿ. ಐದಕ್ಕೆ ಡಾಕ್ಟರಮ್ಮ ಬರ್ತಾರೆ."

ಶಾಫ್ಟು ಇಳಿಯಿತು. ಕೀಲುಗಳನ್ನು ಒಂದೇ ನೇರಕ್ಕೆ ತಂದು, ಅವನು ಪಂಚ್ ಹಿಡಿದ. ಅವಳು ಸುತ್ತಿಗೆ ಎತ್ತಿದಳು.

"ನಿನ್ನ ಕೈ ಮೇಲೆ ಬಿದ್ದರೆ?"

"ಬೀಳಲಿ. ತಪ್ಪು ನಂದೇ ಅಲ್ವಾ."

ಎರಡು ಏಟು, ಎರಡು ಸಣ್ಣ ಗುಳಿ. ಎರಡೂ ಪಂಚಿನ ಮೇಲೆಯೇ ಬಿದ್ದವು. ಅಷ್ಟು ಸಿಟ್ಟಿನಲ್ಲೂ.

ನಾಲ್ಕೂವರೆಗೆ ಮತ್ತೆ ರಸ್ತೆ. ಅರವತ್ತು. ಎಪ್ಪತ್ತು. ಎಂಬತ್ತು. ಡ್ಯಾಶ್‌ಬೋರ್ಡಿನ ಮೇಲೆ ಅವಳು ನಿಲ್ಲಿಸಿದ ನಟ್ಟು ಅಲುಗಲಿಲ್ಲ. ಅವಳ ಕಣ್ಣು ತುಂಬಿತು; ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

"ಆಗಲೇ ಒಂದು ಮಾತು ಕೇಳಿದ್ದೆ. ನನ್ನನ್ನ ಏನಂದ್ಕೊಂಡಿದೀಯ ಅಂತ."

ಮೌನಿ ನಟ್ಟನ್ನು ಎತ್ತಿ ಬೆರಳುಗಳ ನಡುವೆ ತಿರುಗಿಸಿದ. "ನೀನು ಬಾಗಿಲಿಗೆ ಬಂದ್ರೆ ಲೇತ್ ಯಾಕೆ ನಿಲ್ಲಿಸ್ತೀನಿ ಗೊತ್ತಾ? ಕೈ ನಿಲ್ಲಲ್ಲ. ಕೆಲಸ ಕೆಡುತ್ತೆ."

"ನನ್ನ ಕೋಪ ಇನ್ನೂ ಇಳಿದಿಲ್ಲ."

"ಗೊತ್ತು. ದಿನಾ ಬಂದು ಬೈದು ಹೋಗು."

ಗ್ಯಾರೇಜಿನ ತಿರುವು ಬಂತು. ಅವಳು ತಿರುಗಿಸಲಿಲ್ಲ. ಐದಕ್ಕೆ ಇನ್ನೂ ಕಾಲು ಗಂಟೆಯಿತ್ತು, ಬಯ್ಯುವುದು ಬೇಕಾದಷ್ಟಿತ್ತು. ಅವನ ಅಂಗೈ ಮತ್ತೆ ಸೀಟುಗಳ ನಡುವಿನ ಉಬ್ಬಿನ ಮೇಲಿತ್ತು. ಗೇರು ಬದಲಿಸಿದ ಮೇಲೆ ಅವಳು ತನ್ನ ಕೈಯನ್ನು ಅದರ ಪಕ್ಕದಲ್ಲೇ ಬಿಟ್ಟಳು.