ಹೊಸ ಕಾರಿನ ನಾಲ್ಕು ಬಾಗಿಲು

ಹಲ್ಲಿನ ಡಾಕ್ಟರ ಹೆಂಡತಿ ಕಾರಿನ ಬಾಗಿಲಿಗೆ ಅಂಟಿದ್ದ ಕೆಸರು ಒರೆಸಲು ಹೋದರು. ಬಟ್ಟೆಯ ಜೊತೆ ಬೆರಳೂ ಒಳಗೆ ಹೋಯಿತು. ಕೆಂಪು ನೀರು ಕಾಲ ಮೇಲೆ ಸುರಿಯಿತು.

ಕಾರು ತಂದು ಇನ್ನೂ ವರ್ಷ ತುಂಬಿರಲಿಲ್ಲ. ಉಳಿದ ಮೂರು ಬಾಗಿಲುಗಳ ಕೆಳಅಂಚಿನಲ್ಲೂ ಬಣ್ಣ ಗುಳ್ಳೆ ಎದ್ದಿತ್ತು.

ಕಡಲ ದಂಡೆಯ ಊರು ಅದು. ಗಾಳಿಯಲ್ಲೇ ಉಪ್ಪು. ಕಿಟಕಿಯ ಚಿಲಕ, ಸೈಕಲ್ಲಿನ ಚೈನು, ಹೊಲಿಗೆಯ ಸೂಜಿ, ತುಕ್ಕು ಯಾವುದನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಡಾಕ್ಟರು ಕಾರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದರು. ತಳಕ್ಕೆ ತುಕ್ಕು ಹಿಡಿಯದಂತೆ ಲೇಪ, ಮೈಗೆ ಮೇಣ, ದಿನಾ ಸಿಹಿನೀರಿನ ಸ್ನಾನ. ಬಾಯಿ ತೆರೆದು ಕೂತ ರೋಗಿಗಳಿಗೆಲ್ಲ ತುಕ್ಕಿನ ಪಾಠ. ಬೇಡವೆನ್ನಲು ಅವರ ಬಾಯಿಗೆ ಬಿಡುವಿರುತ್ತಿರಲಿಲ್ಲ. ಇನ್ಸ್‌ಪೆಕ್ಟರಮ್ಮನೂ ದವಡೆ ಹಲ್ಲು ತುಂಬಿಸಿಕೊಳ್ಳುವಾಗ ಆ ಪಾಠ ಕೇಳಿದವರೇ.

ಅಂಥ ಡಾಕ್ಟರು ಖುದ್ದಾಗಿ ಠಾಣೆಗೆ ಬಂದರು. ರಜೆ ಕೊಡಲಿಲ್ಲವೆಂಬ ಸಿಟ್ಟಿಗೆ ತಮ್ಮ ಡ್ರೈವರ್ ಕಾರಿನ ಬಾಗಿಲೊಳಗೆ ಉಪ್ಪುನೀರು ಹೊಯ್ದಿದ್ದಾನೆ ಎಂದು ದೂರು ಕೊಟ್ಟರು. ಇನ್ಸ್‌ಪೆಕ್ಟರಮ್ಮ ಕಾರನ್ನು ನೋಡಲೇ ಇಲ್ಲ. ಜೀಪು ಹತ್ತಿ ನೇರ ಡ್ರೈವರನ ಬೀದಿಗೆ ಹೋದರು. ಬೆಳಗಿನ ಹೊತ್ತು, ಬೀದಿ ತುಂಬ ಜನ. ಅಷ್ಟೂ ಜನರ ಎದುರು ಆ ವಯಸ್ಸಾದ ಮನುಷ್ಯನನ್ನು ತಾವೇ ತೋಳು ಹಿಡಿದು ಜೀಪಿನ ಹಿಂದಕ್ಕೆ ಹತ್ತಿಸಿದರು.

* * *

ಜೋರು ಮಾಡಿದರೂ, ಮೆಲ್ಲಗೆ ಕೇಳಿದರೂ ಡ್ರೈವರನದು ಒಂದೇ ಉತ್ತರ. ತಾನು ಏನೂ ಮಾಡಿಲ್ಲ.

ಮರುದಿನ ದಫೇದಾರ ಡಾಕ್ಟರ ಶೆಡ್ಡಿನಿಂದ ಒಂದು ಬಕೆಟ್ ತಂದ. ಅಂಚಿಗೆ ಬಿಳಿ ಉಪ್ಪು ಕಟ್ಟಿತ್ತು. ಇನ್ಸ್‌ಪೆಕ್ಟರಮ್ಮ ಅದನ್ನು ಡ್ರೈವರನ ಮುಂದೆ ಕುಕ್ಕಿ, ಇದಕ್ಕೇನು ಹೇಳ್ತೀಯಾ ಎಂದು ಗದರಿದರು.

"ಈ ಊರಲ್ಲಿ ಉಪ್ಪು ಕಟ್ಟದೇ ಇರೋ ಬಕೆಟ್ ಯಾವುದಿದೆ ಮೇಡಂ?" ಎಂದ ಡ್ರೈವರ್. "ಬಾಗ್ಲು ತೆಗೆದಾಗೆಲ್ಲ ಒಳಗೆ ನೀರು ಕುಲುಕೋ ಸದ್ದು ಬರ್ತಿತ್ತು. ಡಾಕ್ಟ್ರಿಗೆ ಹೇಳ್ದೆ. ನೀರಿರೋದು ನಿನ್ನ ಕಿವೀಲಿ ಅಂದ್ರು."

ದಫೇದಾರ ನಕ್ಕ. ಇನ್ಸ್‌ಪೆಕ್ಟರಮ್ಮನಿಗೆ ನಗು ಬರಲಿಲ್ಲ. ಗುಟ್ಟಾಗಿ ನೀರು ಹೊಯ್ದವನು ತಾನೇ ಹೋಗಿ ನೀರಿನ ಸುದ್ದಿ ಎತ್ತುತ್ತಾನೆಯೇ? ಅವರು ಕಾರು ನೋಡಲು, ಅದನ್ನು ರಿಪೇರಿಗೆ ಬಿಟ್ಟಿದ್ದ ಗ್ಯಾರೇಜಿಗೆ ಹೊರಟರು. ನಿನ್ನೆಯೇ ಹೋಗಬೇಕಿತ್ತು ಎಂಬ ಮಾತು ದಾರಿಯುದ್ದಕ್ಕೂ ಒಳಗೊಳಗೇ ಚುಚ್ಚುತ್ತಿತ್ತು.

* * *

ಈಗ ಅನುಮಾನ ಮೆಕ್ಯಾನಿಕ್‌ನ ಮೇಲೆ. ಕಾರಿನ ತಳಕ್ಕೆ ಲೇಪ ಹೊಡೆದವನು ಅವನೇ. ಕಳಪೆ ಮಾಲು ಬಳಿದಿರಬಹುದು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಆಸಾಮಿ ಮಾತಾಡದೆ ಕಾರನ್ನು ಮೇಲೆತ್ತಿ ದೀಪ ಹಿಡಿದ. ತಳದಲ್ಲಿ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ.

ಹಾಗಾದರೆ ಕೊಳೆತಿದ್ದು ಬಾಗಿಲುಗಳು ಮಾತ್ರ, ಅದೂ ಒಳಗಿನಿಂದ. ಇನ್ಸ್‌ಪೆಕ್ಟರಮ್ಮ ಹಿಂದಿನ ಬಾಗಿಲ ಅಡಿಯನ್ನು ಬೆರಳಿನಿಂದ ಸವರಿದರು. ಒಂದು ಕಡೆ ವಿಪರೀತ ನುಣುಪು. ಹೇರ್‌ಪಿನ್ ತೆಗೆದು ಕೆರೆದರೆ ಬಣ್ಣದ ಕೆಳಗೆ ಬಿಳಿ ಪುಟ್ಟಿ. ಅದನ್ನು ಕಿತ್ತಾಗ ಸಣ್ಣ ತೂತೊಂದು ಕಂಡಿತು, ಕೆಂಪು ನೀರು ಧಾರೆಯಾಗಿ ಇಳಿಯಿತು.

ಕಿಟಕಿ ಗಾಜಿನ ಸಂದಿಯಿಂದ ನೀರು ಬಾಗಿಲೊಳಗೆ ಇಳಿಯುವುದು ಎಲ್ಲ ಕಾರಿಗೂ ಇದ್ದದ್ದೇ, ಅದು ಹೊರಗೆ ಹೋಗಲೆಂದೇ ಈ ತೂತು ಎಂದು ಮೆಕ್ಯಾನಿಕ್ ಗೊಣಗಿದ. ಆಮೇಲೆ ಏನೋ ನೆನಪಾದವನಂತೆ ತಲೆ ಕೆರೆದುಕೊಂಡ.

"ಮೊನ್ನೆ ಡಾಕ್ಟ್ರೂ ಫೋನ್ ಮಾಡಿ ಇದನ್ನೇ ಕೇಳಿದ್ರು. ಬಾಗ್ಲ ಕೆಳಗೆ ತೂತು ಯಾಕೆ ಬಿಟ್ಟಿರ್ತಾರೆ ಅಂತ. ನೀರು ಇಳಿಯೋಕೆ ಅಂದೆ. ಹಾಂ ಹೂಂ ಅನ್ನದೇ ಫೋನ್ ಇಟ್ಬಿಟ್ರು."

ದೂರು ಬಂದದ್ದು ನಿನ್ನೆ. ಇನ್ಸ್‌ಪೆಕ್ಟರಮ್ಮ ತುಂಬಿಸಿದ ಹಲ್ಲಿನ ಮೇಲೆ ನಾಲಿಗೆ ಆಡಿಸಿದರು. ತುಂಬಿದ ಗುರುತೇ ಸಿಗದಷ್ಟು ನುಣುಪು.

* * *

ದವಾಖಾನೆಯಲ್ಲಿ ರೋಗಿಗಳಿರಲಿಲ್ಲ. ಡಾಕ್ಟರು, ಅವರ ಹೆಂಡತಿ ಇಬ್ಬರೇ ಇದ್ದರು.

"ತೂತು ಮುಚ್ಚಿದ್ದು ನೀವೇ ಡಾಕ್ಟ್ರೇ," ಎಂದರು ಇನ್ಸ್‌ಪೆಕ್ಟರಮ್ಮ. "ಬೇರೆ ಯಾರಾದ್ರೂ ಆಗಿದ್ರೆ ಹೆಬ್ಬೆರಳಲ್ಲಿ ಮೆತ್ತಿ ಕೈ ತೊಳ್ಕೋತಿದ್ರು. ಇಲ್ಲಿ ಅಂಚು ಉಜ್ಜಿ, ತುಂಬಿ, ಮಟ್ಟ ಮಾಡಿ, ಪಾಲಿಶ್ ಹಾಕಿದಾರೆ. ಅಂಥದ್ದೇ ಕೆಲಸ ನನ್ನ ಬಾಯಲ್ಲೂ ಇದೆ."

ಡಾಕ್ಟರು ಎಲ್ಲ ಒಪ್ಪಿಕೊಂಡರು. ತೂತು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಹುಳುಕು ಒಳಗೆ ಹೋಗುವುದೇ ಅಲ್ಲಿಂದ ಎಂದುಕೊಂಡು ಎಲ್ಲವನ್ನೂ ತುಂಬಿದ್ದರು. ದಿನಾ ತೊಳೆದ ನೀರು, ಗಾಳಿಯ ಉಪ್ಪಿನ ಜೊತೆ, ಒಳಗೇ ನಿಂತಿತು. ಇಲ್ಲಿಯವರೆಗಿನದು ಬರೀ ಪೆದ್ದುತನ. ಆದರೆ ಮೆಕ್ಯಾನಿಕ್‌ನಿಂದ ನಿಜ ತಿಳಿದ ಮೇಲೆ ಠಾಣೆಗೆ ಬಂದು ಡ್ರೈವರನ ಹೆಸರು ಹೇಳಿದ್ದಿದೆಯಲ್ಲ, ಅದು ಅಪರಾಧ.

"ಊರಿಗೆಲ್ಲ ಪಾಠ ಹೇಳಿದೋನು ನಾನು," ಎಂದರು ಡಾಕ್ಟರು. "ನಾನೇ ಹಾಳು ಮಾಡ್ದೆ ಅಂತ ಹೇಗೆ ಹೇಳ್ಲಿ?"

"ಅದಕ್ಕೆ ಅವರ ತಲೆಗೆ ಕಟ್ಟಿದ್ರಾ?" ಎಂದಷ್ಟೇ ಕೇಳಿದರು ಹೆಂಡತಿ.

ಇನ್ಸ್‌ಪೆಕ್ಟರಮ್ಮ ಚೆನ್ನಾಗಿ ಬೈಯಬೇಕೆಂದೇ ಬಂದಿದ್ದರು. ದನಿ ಏಳಲಿಲ್ಲ. ಸುಳ್ಳು ಡಾಕ್ಟರದು, ನಿಜ. ಹಿಂದೆಮುಂದೆ ನೋಡದೆ ಅದನ್ನು ನಂಬಿದ್ದು, ತೋಳು ಹಿಡಿದು ಎಳೆದದ್ದು ತಾವು. ನಾಚಿಕೆಯಿಂದ ಡಾಕ್ಟರ ಮುಖ ನೋಡದೆಯೇ, ಠಾಣೆಗೆ ನಡೀರಿ ಎಂದರು.

* * *

ಠಾಣೆಯಲ್ಲಿ ಡಾಕ್ಟರು ಕಾರಿನ ಕೀಲಿಕೈ ಮುಂದೆ ಚಾಚಿ, ನಾಳೆಯಿಂದ ಬಾ ಎಂದರು. ಡ್ರೈವರ್ ಕೈ ಚಾಚಲಿಲ್ಲ. ಇನ್ಸ್‌ಪೆಕ್ಟರಮ್ಮ, ತಪ್ಪಾಯ್ತು, ನೀವು ಮನೆಗೆ ಹೋಗಿ ಎಂದರು. ಆತ ಬೆಂಚು ಬಿಟ್ಟೇಳಲಿಲ್ಲ.

"ಹೇಗೆ ಹೋಗ್ಲಿ ಮೇಡಂ? ಒಬ್ಬನೇ ಹೋದ್ರೆ ಕೈಕಾಲು ಹಿಡಿದು ಬಿಡಿಸ್ಕೊಂಡು ಬಂದ ಅಂತಾರೆ. ಆಮೇಲೆ ಯಾರು ನನ್ನ ಕೈಗೆ ಗಾಡಿ ಕೊಡ್ತಾರೆ?"

ಮತ್ತೆ ಜೀಪು ಹೊರಟಿತು. ಡ್ರೈವರ್ ಮುಂದೆ, ಡಾಕ್ಟರು ಹಿಂದೆ. ಬೀದಿಯಲ್ಲಿ ಇಳಿದು ಡಾಕ್ಟರು ತಪ್ಪೊಪ್ಪಿಕೊಂಡರು. ಕೇಳಿಸ್ಲಿಲ್ಲ ಅಂದಳು ಒಬ್ಬ ಮುದುಕಿ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಇನ್ಸ್‌ಪೆಕ್ಟರಮ್ಮನೂ ಟೋಪಿ ತೆಗೆದು, ವಿಚಾರಿಸದೆ ಹಿಡಿದದ್ದು ತಮ್ಮ ತಪ್ಪು ಎಂದರು. ಜನ ತಲೆ ಆಡಿಸಿದರು. ಒಬ್ಬಿಬ್ಬರು ಡ್ರೈವರನ ಬೆನ್ನು ತಟ್ಟಿದರು.

ಅವನ ಹೆಂಡತಿ ಮಾತ್ರ ಹೊಸ್ತಿಲು ಬಿಟ್ಟು ಬರಲಿಲ್ಲ. ಇನ್ಸ್‌ಪೆಕ್ಟರಮ್ಮ ತಾವೇ ಹತ್ತಿರ ಹೋಗಿ, ಎಲ್ಲ ಸರಿಹೋಯ್ತಮ್ಮ ಎಂದರು. ಆಕೆ ಗಂಡನನ್ನು ನೋಡದೆ, ತಲೆ ತಗ್ಗಿಸಿಕೊಂಡೇ ಮಾತಾಡಿದಳು.

"ನಿನ್ನೆ ಊಟ ತಗೊಂಡು ಠಾಣೆಗೆ ಬಂದಿದ್ನಲ್ಲ ಮೇಡಂ, ಆಗ ನಾನೂ ಇವರನ್ನ ಕೇಳ್ಬಿಟ್ಟೆ. ನಿಜವಾಗ್ಲೂ ನೀವೇ ಮಾಡಿದ್ರಾ ಅಂತ. ಪೊಲೀಸ್ನೋರು ಸುಮ್ಸುಮ್ನೆ ಹಿಡೀತಾರಾ ಅನ್ನಿಸ್ತು."