ಕಲ್ಲಿನ ತುಟಿಗೆ ಎಂಜಲು

"ನಿನ್ನ ದಮ್ಮಯ್ಯ ಅಂತೀನಿ ಕಣೇ, ಆ ಕಂಬದ ಮುಖಕ್ಕೆ ಎಂಜಲು ಮಾತ್ರ ಮುಟ್ಟಿಸಬೇಡ," ಎಂದಳು ಅತ್ತೆ. "ಅವನ ಬಾಯಿ ಒಣಗಿಯೇ ಇರ್ಬೇಕು."

ಮಗಳು ಪುಟ್ಟಿಗೆ ಜಡೆ ಹೆಣೆಯುತ್ತಿದ್ದ ಸೊಸೆ ನಕ್ಕುಬಿಟ್ಟಳು. ಊರಿಗೆ ಹೊಸಬಳು, ಸಾಲದ್ದಕ್ಕೆ ಓದಿದವಳು, ಕೇಳಿಯಾಳೇ? ಹಳೆಯ ಶಿಲ್ಪಗಳ ಕೊಳೆ ತೆಗೆಯುವುದು ಅವಳ ಕಸುಬು. ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಯ ಮೇಲೆ ಹೊರಳಿಸಿ ಕಲ್ಲಿಗೆ ಒತ್ತುವುದು ಆ ಕಸುಬಿನ ಪದ್ಧತಿ. ಜಿಡ್ಡು ಬಿಡಿಸಲು ಉಗುಳಿನಷ್ಟು ಮೆದುವಾದ ಔಷಧ ಇನ್ನೊಂದಿಲ್ಲ.

"ನಿಮ್ಮ ಭಯಕ್ಕೆ ನಾನು ಕೆಲಸ ಬಿಡ್ಲಾ ಅತ್ತೆ?" ಎಂದು ಹೊರಟೇಬಿಟ್ಟಳು.

ನಗರದ ಅತಿ ಹಳೆಯ ಸ್ಮಾರಕ ಅದು: ಚೌಕದ ನಡುವೆ ಒಂದು ಕಂಬ, ಕಂಬದಲ್ಲೊಂದು ಮುಖ. ಹಿಂದೊಬ್ಬ ಮಾಟಗಾರನಿದ್ದನಂತೆ. ಅವನು ಕರೆದವರು ನಿಂತಲ್ಲೇ ಕೊಳೆತು ಉದುರುತ್ತಿದ್ದರಂತೆ. ಜನ ಅವನ ನಾಲಿಗೆ ಕಿತ್ತು, ಈ ಕಲ್ಲಿನ ಬಾಯಿಗೆ ತುರುಕಿ, ಮೇಲೆ ಗಾರೆ ಮೆತ್ತಿದರು.

ಕೆಲಸಕ್ಕೆಂದು ಕಂಬದ ಸುತ್ತ ಕಟ್ಟಿದ್ದ ಟಾರ್ಪಾಲಿನ ಮರೆಯಲ್ಲಿ ಮಬ್ಬುಗತ್ತಲು, ಧಗೆ, ಪಾರಿವಾಳದ ಹಿಕ್ಕೆಯ ಘಾಟು. ಅವಳ ಉಗುಳು ತಾಗಿದ್ದೇ ತಡ, ಕಲ್ಲಿನ ತುಟಿಯ ಕರಿ ಜಿಡ್ಡು, ಅದರಡಿಯ ಗಾರೆ ಎಲ್ಲ ಬೆಣ್ಣೆಯಂತೆ ಕರಗಿ ಬಂತು. ಒಮ್ಮೆ ಬಳಸಿದ ಕಡ್ಡಿಯನ್ನು ಮತ್ತೆ ಬಾಯಿಗಿಡಬಾರದು. ಕೈ ಓಡುತ್ತಿದ್ದ ಭರದಲ್ಲಿ ಅದನ್ನೇ ಇಟ್ಟುಕೊಂಡಳು.

ಥೂ! ಕೊಳೆತ ಮಾಂಸದ ರುಚಿ, ಕೀವಿನ ಅಂಟು. ಉಗಿದಳು. ಕಾರಿದಳು. ಬಾಯಿ ಮುಕ್ಕಳಿಸಿದಳು. ಹೋಗಲಿಲ್ಲ. ನಾಲಿಗೆ ಊದಿಕೊಂಡು ಅವಳ ಹಲ್ಲುಗಳನ್ನು ಒಂದೊಂದಾಗಿ ಸವರಿ ನೋಡತೊಡಗಿತು. ಅದನ್ನು ಆಡಿಸುತ್ತಿದ್ದವಳು ಅವಳಲ್ಲ.

ಬೀದಿನಾಯಿಯೊಂದು ಮೂಸುತ್ತ ಒಳಬಂತು.

"ಬಾ," ಎಂದಿತು ಅವಳ ಬಾಯಿ, ಗಂಡಸಿನ ಗೊಗ್ಗರು ದನಿಯಲ್ಲಿ.

ನಾಯಿಯ ಚರ್ಮ ಒದ್ದೆ ಕಾಗದದ ಹಾಗೆ ಜಾರಿತು. ಹೊಟ್ಟೆಯಿಂದ ಹುಳುಗಳು ಬುಳುಬುಳು ಸುರಿದವು. ಅಯ್ಯೋ, ಅತ್ತೆ ಹೇಳಿದ್ದು ನಿಜ!

ಹೊರಗೆ ಅತ್ತೆಯ ಚಪ್ಪಲಿ ಸದ್ದು. ಜೊತೆಗೆ ಶಾಲೆ ಬಿಟ್ಟು ಬಂದ ಪುಟ್ಟಿ.

"ಅಮ್ಮಾ, ಎಲ್ಲಿದ್ದೀಯಾ? ಒಂದ್ಸಲ ಕರಿಯೇ!"

ಬಾಯಿ ತಾನಾಗಿ ತೆರೆಯಿತು. ಅಂಗೈಯಿಂದ ಮುಚ್ಚಿದಳು. ನಾಲಿಗೆ ಬೆರಳಸಂದಿಯಲ್ಲಿ ನುಸುಳಿತು. "ಪು..." ಬೇಡ. ನನ್ನ ಮಗು ಬೇಡ. ಜಿಡ್ಡು ಕೆರೆಯುವ ಅಲಗು ಕೈಗೆ ಸಿಕ್ಕಿತು. ನಾಲಿಗೆಯನ್ನು ಹಿಡಿದೆಳೆದಳು. ಕೊಯ್ದಳು.

ನೆಲಕ್ಕೆ ಬಿದ್ದ ತುಂಡು ಮಗುವಿನ ದನಿಯತ್ತ ತೆವಳಿತು. "ಪುಟ್..." ಎನ್ನುತ್ತಿತ್ತು. ತುಳಿದಳು. ಅರೆದಳು. ಪಚಕ್ಕೆಂದಿತು. ಸುಮ್ಮನಾಯಿತು.

ಟಾರ್ಪಾಲು ಸರಿಯಿತು. ತಾಯಿಯ ಬಾಯಿ ಕಂಡ ಪುಟ್ಟಿ ಕಿಟಾರನೆ ಕಿರುಚಿ ಅಜ್ಜಿಯ ಹಿಂದೆ ಅಡಗಿದಳು. ಹೆದರಬೇಡ ಕಂದ, ನಾನು ನಿನ್ನಮ್ಮನೇ ಎನ್ನಬೇಕಿತ್ತು ಅವಳಿಗೆ. ತೆರೆದ ಬಾಯಿಂದ ರಕ್ತ ಮಾತ್ರ ಬಳಬಳ ಸುರಿಯಿತು.